ಹಸಿ ಮಾರೋದೋ, ಕೆಂಪು ಮಾಡೋದೋ: ಮನೆಮಂದಿ ಕೂತು ತೀರ್ಮಾನ ಮಾಡುವ ಲೆಕ್ಕ

ನವರಾತ್ರಿ ಮುಗಿದು ದೀಪಾವಳಿ ಹತ್ತಿರ ಬಂತು ಅಂದರೆ ಶಿರಸಿ ಸುತ್ತಲಿನ ತೋಟದ ಮನೆಗಳಲ್ಲಿ ಒಂದೇ ಮಾತು. ಈ ವರ್ಷ ಹಸಿ ಅಡಿಕೆ ಮಾರುವುದೋ, ಸುಲಿದು ಬೇಯಿಸಿ ಕೆಂಪು ಮಾಡುವುದೋ, ಹಣ್ಣಾಗಲು ಬಿಟ್ಟು ಒಣಗಿಸಿ ಚಾಲಿ, ಅಂದರೆ ಬಿಳಿ ಅಡಿಕೆ, ಮಾಡುವುದೋ? ನಮ್ಮನೆಯಲ್ಲಿ ಈ ಮಾತು ಶುರುವಾದರೆ ಊಟ ಮುಗಿದು ಕೈ ಒಣಗಿದರೂ ಮುಗಿಯುತ್ತಿರಲಿಲ್ಲ. ಅಪ್ಪಯ್ಯ ದರದ ಬಗ್ಗೆ ಹೇಳುತ್ತಾರೆ. ಸುಲಿಯಲು ಜನ ಎಲ್ಲಿದ್ದಾರೆ ಅಂತ ಆಯಿ, ಅಂದರೆ ಅಮ್ಮ, ಕೇಳುತ್ತಾಳೆ. ಅಣ್ಣ ಹೋದ ವರ್ಷದ ಮಳೆ ನೆನಪಿಸುತ್ತಾನೆ. ಮೂವರು ಹೇಳುವುದೂ ಸರಿ, ಆದರೆ ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ. ಕೊನೆಗೆ ಯಾರ ದನಿ ದೊಡ್ಡದೋ ಅವರದ್ದು ನಡೆಯುತ್ತದೆ. ಇಲ್ಲವಾದರೆ ಯಾರೂ ಏನೂ ಹೇಳದೆ ದಿನ ಕಳೆದು, ಅಡಿಕೆ ಮರದಲ್ಲೇ ಬಲಿತು ಹಣ್ಣಾಗಿ, ಕೆಂಪು ಮಾಡುವ ದಾರಿಯೇ ಮುಚ್ಚಿಹೋಗುತ್ತದೆ.

ಈಗ ಕೆಲವು ವರ್ಷದಿಂದ ನಾವು ಇದನ್ನು ಕಾಗದದ ಮೇಲೆ ಮಾಡುತ್ತಿದ್ದೇವೆ. ಹೇಗೆ ಮಾಡುತ್ತೇವೆ ಅಂತ ಪೂರ್ತಿ ಹೇಳುತ್ತೇನೆ. ಅಡಿಕೆ ಇಲ್ಲದವರಿಗೂ ಇದು ಬರುತ್ತದೆ. ಮನೆ ಜಾಗ ನೋಡುವಾಗ, ಮಗಳನ್ನು ಯಾವ ಕಾಲೇಜಿಗೆ ಹಾಕುವುದು ಅಂತ ಯೋಚಿಸುವಾಗ, ಊರಿನ ಸಂಘಕ್ಕೆ ಯಾವ ಯಂತ್ರ ತರುವುದು ಅನ್ನುವಾಗಲೂ ಇದೇ ಲೆಕ್ಕ.

ಮೊದಲು ಎರಡು ಪ್ರಶ್ನೆಯನ್ನು ಬೇರೆ ಮಾಡಿ

ನನ್ನ ಅನುಭವದಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಒಂದು ಪ್ರಶ್ನೆ, "ಹೀಗೆ ಮಾಡಿದರೆ ಏನಾಗುತ್ತದೆ?" ಇನ್ನೊಂದು, "ನಮಗೆ ಯಾವುದು ಎಷ್ಟು ಮುಖ್ಯ?" ಮೊದಲನೆಯದನ್ನು ತಿಳಿದವರ ಹತ್ತಿರ ಕೇಳಬೇಕು. ಎಷ್ಟು ದಿನ ಸುಲಿಯಬೇಕು, ಒಣಗಿದ ಮೇಲೆ ಎಷ್ಟು ಉಳಿಯುತ್ತದೆ, ಯಾವಾಗ ದುಡ್ಡು ಬರುತ್ತದೆ, ಇವೆಲ್ಲ ಅವರಿಗೆ ಗೊತ್ತು. ಎರಡನೆಯದನ್ನು ಮಾತ್ರ ತಿಳಿದವರಿಗೆ ಬಿಟ್ಟುಕೊಡಬಾರದು. ಅದು ಆ ಕಷ್ಟ-ಸುಖ ಅನುಭವಿಸುವ ಮನೆಯವರದ್ದು. ಸೊಸೈಟಿಯಲ್ಲಿ ವ್ಯವಹಾರ ನೋಡುವವರು ದರದ ಬಗ್ಗೆ ಹೇಳುವುದನ್ನು ಕೇಳಿ, ಬರೆದುಕೊಳ್ಳಿ. ಆದರೆ ಆಯಿಯ ಬೆನ್ನುನೋವಿಗೆ ಎಷ್ಟು ಬೆಲೆ ಅಂತ ಅವರು ಹೇಳಲು ಆಗುವುದಿಲ್ಲ, ಅಲ್ವಾ? ತಜ್ಞರನ್ನು ಕರೆದ ಎಷ್ಟೋ ಸಭೆಗಳು ಕೆಡುವುದು ಈ ಎರಡೂ ಬೆರೆತುಹೋಗಿ. ತಜ್ಞರು "ಇದೇ ಮಾಡಿ" ಅಂದುಬಿಡುತ್ತಾರೆ, ನಾವು ತಲೆಯಾಡಿಸಿ ಬರುತ್ತೇವೆ.

ಆಗದ್ದನ್ನು ಮೊದಲೇ ತೆಗೆದುಹಾಕಿ

ಅಂಕ ಹಾಕುವ ಮೊದಲು ಒಂದು ಜರಡಿ ಹಿಡಿಯಿರಿ. ಕೆಲವು ಕೊರತೆಯನ್ನು ಬೇರೆ ಯಾವ ಲಾಭವೂ ತುಂಬಿಕೊಡುವುದಿಲ್ಲ. ಕಾರವಾರದಲ್ಲಿರುವ ನನ್ನ ಗೆಳೆಯನೊಬ್ಬ ಮನೆ ಹುಡುಕುತ್ತಿದ್ದಾಗ ಬೆಲೆ, ದೂರ, ಗಾಳಿ-ಬೆಳಕು ಎಲ್ಲಕ್ಕೂ ಅಂಕ ಹಾಕಿ ಕೂಡಿಸಿದ್ದ. ಮೊದಲ ಸ್ಥಾನಕ್ಕೆ ಬಂದ ಮನೆಯ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ ಅಂತ ಪಕ್ಕದ ಮನೆಯಮ್ಮ ಹೇಳಿದಾಗ ಇಡೀ ಲೆಕ್ಕ ಬಿದ್ದುಹೋಯಿತು. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಉಪ್ಪು ನೀರು ಕುಡಿಯಲು ಬರುವುದಿಲ್ಲ. ಇಂಥದ್ದನ್ನು ಮಾನದಂಡ ಮಾಡಬೇಡಿ, ಬಾಗಿಲು ಮಾಡಿ. ದಾಟಿದವು ಮಾತ್ರ ಒಳಗೆ ಬರಲಿ.

ಉಳಿದವುಗಳಿಗೆ ನಾಲ್ಕೈದು ಮಾನದಂಡ ಸಾಕು. ಏಳೆಂಟರ ಮೇಲೆ ಹೋದರೆ ಯಾವುದನ್ನೂ ಸರಿಯಾಗಿ ತೂಗಲು ಆಗುವುದಿಲ್ಲ. ನಮ್ಮವು ನಾಲ್ಕು: ಮನೆಯವರ ಮೇಲೆ ಬೀಳುವ ಕೆಲಸ, ಖರ್ಚು ಕಳೆದು ಕೈಗೆ ಉಳಿಯುವ ಹಣ, ಒಣಗಿಸುವಾಗ ಮಳೆಗೆ ಸಿಕ್ಕಿ ಹಾಳಾಗುವ ಭಯ, ದುಡ್ಡು ಬರುವ ಸಮಯ.

ಇಲ್ಲಿ ಒಂದು ಜಾಗ ಜಾರುತ್ತದೆ. ಒಂದೇ ವಿಷಯವನ್ನು ಎರಡು ಸಲ ಎಣಿಸಬಾರದು. ನಾವು ಮೊದಲ ವರ್ಷ ಕೂಲಿಯನ್ನು ಖರ್ಚಿನಲ್ಲೂ ಹಿಡಿದೆವು, ಕೆಲಸದ ಹೊರೆಯಲ್ಲೂ ಹಿಡಿದೆವು. ಹಾಗಾಗಿ ಕೆಂಪು ಮಾಡುವುದಕ್ಕೆ ಎರಡು ಕಡೆ ಪೆಟ್ಟು ಬಿತ್ತು. ಈಗ ಕೂಲಿ ದುಡ್ಡು ಪೂರ್ತಿ ಹಣದ ಲೆಕ್ಕಕ್ಕೆ. ಕೆಲಸ ಅಂದರೆ ಜನ ಹುಡುಕುವುದು, ಬಂದವರಿಗೆ ಚಾ-ತಿಂಡಿ, ರಾತ್ರಿ ತನಕ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುವುದು, ಬೆಳಗಾಗುವ ಮೊದಲು ಒಲೆ ಹೊತ್ತಿಸುವುದು. ಇಷ್ಟೇ.

ತಿಳಿದವರನ್ನು ಒಬ್ಬೊಬ್ಬರಾಗಿ ಕೇಳಿ

ಐದು ಜನರನ್ನು ಜಗಲಿಯಲ್ಲಿ ಒಟ್ಟಿಗೆ ಕೂರಿಸಿ ಕೇಳಿದರೆ ನಿಮಗೆ ಸಿಗುವುದು ಒಂದೇ ಅಭಿಪ್ರಾಯ, ಮೊದಲು ಬಾಯಿ ತೆರೆದ ಹಿರಿಯರದ್ದು. ಉಳಿದವರು "ಹೌದು, ಹಾಗೇ" ಅನ್ನುತ್ತಾರೆ. ಇದು ಗೌರವಕ್ಕೆ ಮಾಡುವುದು, ತಪ್ಪಲ್ಲ. ಆದರೆ ನಾಲ್ಕು ಜನರ ತಿಳಿವಳಿಕೆ ಸುಮ್ನೆ ಹೋಯಿತು.

ಇದಕ್ಕೆ ದಾರಿ ಹುಡುಕಿದ್ದು 1950ರ ದಶಕದಲ್ಲಿ, ಅಮೆರಿಕದ ರ್‍ಯಾಂಡ್ ಕಾರ್ಪೊರೇಷನ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ನಾರ್ಮನ್ ಡಾಲ್ಕಿ, ಓಲಾಫ್ ಹೆಲ್ಮರ್ ಮೊದಲಾದವರು. ಭವಿಷ್ಯ ಹೇಳುತ್ತಿದ್ದ ಗ್ರೀಸಿನ ಹಳೆಯ ದೇವಸ್ಥಾನದ ಹೆಸರಿನಿಂದ ಅದನ್ನು ಡೆಲ್ಫಿ ವಿಧಾನ ಅಂತ ಕರೆಯುತ್ತಾರೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಕೇಳುವುದು, ಎಲ್ಲ ಉತ್ತರಗಳನ್ನು ಹೆಸರಿಲ್ಲದೆ ಎಲ್ಲರಿಗೂ ತೋರಿಸುವುದು, ಆಮೇಲೆ ಬೇಕಾದರೆ ಬದಲಿಸಿ ಅಂತ ಮತ್ತೆ ಕೇಳುವುದು. ಎರಡು ಮೂರು ಸುತ್ತು ಹೀಗೆ ಮಾಡುವುದು. ದೊಡ್ಡ ಸಂಸ್ಥೆಯೇ ಬೇಕು ಅಂತಿಲ್ಲ, ಚೀಟಿ ಸಾಕು, ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸಿದರೂ ಆಯಿತು. ಗುಂಪಿನಲ್ಲಿ ಮಾತ್ರ ಹಾಕಬೇಡಿ.

ನಮ್ಮನೆಯ ಒಂದು ವರ್ಷದ ಮಾತು. ಇಡೀ ಫಸಲನ್ನು ಕೆಂಪು ಮಾಡಿದರೆ ಸುಲಿಯಲು ಎಷ್ಟು ದಿನ ಬೇಕು ಅಂತ ಐದು ಜನರನ್ನು ಕೇಳಿದೆ. ಬಂದ ಉತ್ತರ 6, 7, 8, 8, 12. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವಿನದು 8. ಹನ್ನೆರಡು ಅಂದವರನ್ನು ಬಿಟ್ಟುಬಿಡೋಣ ಅನ್ನಿಸುವುದು ಸಹಜ, ಆದರೆ ಡೆಲ್ಫಿಯಲ್ಲಿ ಎಲ್ಲರಿಗಿಂತ ದೂರ ನಿಂತವರ ಹತ್ತಿರವೇ ಮೊದಲು ಕಾರಣ ಕೇಳಬೇಕು. ಹನ್ನೆರಡು ಅಂದವರು ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗೌಡರು. ಮರ ಹತ್ತಿ ನೋಡಿದವರು ಅವರೊಬ್ಬರೇ. ಈ ವರ್ಷ ಕಾಯಿ ಸಣ್ಣದಾಗಿವೆ, ಅಷ್ಟೇ ತೂಕಕ್ಕೆ ಜಾಸ್ತಿ ಕಾಯಿ ಸುಲಿಯಬೇಕು, ಮತ್ತೆ ಕಳೆದ ಸಲ ಬಂದ ಇಬ್ಬರು ಸುಲಿಯುವವರು ಈ ಸಲ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಈ ಕಾರಣವನ್ನು ಹೆಸರು ಹೇಳದೆ ಎಲ್ಲರಿಗೂ ಕಳಿಸಿದೆ. ಎರಡನೇ ಸುತ್ತಿನಲ್ಲಿ 9, 9, 10, 10, 11 ಬಂತು.

ಸುಮ್ಮನೆ ಒಂದು ಸಂಖ್ಯೆ ಕೇಳುವುದಕ್ಕಿಂತ ಮೂರು ಕೇಳಿ: ಎಲ್ಲ ಸರಿಹೋದರೆ ಎಷ್ಟು, ಎಲ್ಲ ಕೆಟ್ಟರೆ ಎಷ್ಟು, ಹೆಚ್ಚಾಗಿ ಆಗುವುದು ಎಷ್ಟು. ಹೆಚ್ಚಾಗಿ ಆಗುವುದನ್ನು ಕೊನೆಗೆ ಕೇಳಿ. ಅದನ್ನೇ ಮೊದಲು ಕೇಳಿದರೆ ಮನಸ್ಸು ಅಲ್ಲೇ ಅಂಟಿಕೊಂಡು ಆಚೆ ಈಚೆ ಎರಡೂ ಹತ್ತಿರ ಹತ್ತಿರವೇ ಬರುತ್ತವೆ.

ಕೂಡಿಸುವಾಗ ಸರಾಸರಿಗಿಂತ ನಡುವಿನ ಸಂಖ್ಯೆ ನನಗೆ ಇಷ್ಟ, ಒಬ್ಬರ ವಿಪರೀತ ಊಹೆ ಅದನ್ನು ಎಳೆದಾಡುವುದಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಒಂದು ಜಾತ್ರೆಯ ಲೆಕ್ಕ ಪ್ರಕಟಿಸಿದ್ದರು. ಒಂದು ಎತ್ತಿನ ಮಾಂಸದ ತೂಕ ಎಷ್ಟಾಗಬಹುದು ಅಂತ ಜನ ಚೀಟಿಯಲ್ಲಿ ಬರೆದಿದ್ದರು. ಲೆಕ್ಕಕ್ಕೆ ಸಿಕ್ಕ 787 ಚೀಟಿಗಳ ನಡುವಿನ ಊಹೆ 1207 ಪೌಂಡ್, ನಿಜವಾದ ತೂಕ 1198. ಅಲ್ಲಿ ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಬರೆದಿರಲಿಲ್ಲ, ಅದನ್ನು ಮರೆಯಬಾರದು.

ಯಾರಿಗೆ ಏನು ಗೊತ್ತು ಅನ್ನುವುದನ್ನೂ ನೋಡಿಕೊಳ್ಳಿ. ಮಳೆಯ ಬಗ್ಗೆ ಎಲ್ಲರೂ ಗಟ್ಟಿಯಾಗಿ ಹೇಳುತ್ತಾರೆ, ಆದರೆ ಎರಡು ತಿಂಗಳು ಆಚೆಯ ಮಳೆ ಯಾರಿಗೂ ಗೊತ್ತಿಲ್ಲ. ಅಲ್ಲಿ ಅಭಿಪ್ರಾಯಕ್ಕಿಂತ ಹಳೆಯ ಲೆಕ್ಕ ಒಳ್ಳೆಯದು. ಮಳೆ ಲೆಕ್ಕ ಬರೆದಿಡುವ ಮನೆಗಳು ನಮ್ಮ ಕಡೆ ಇವೆ. ಕಳೆದ ಹತ್ತು ವರ್ಷದಲ್ಲಿ ಕೆಂಪಡಿಕೆ ಒಣಗಿಸುವ ದಿನಗಳಲ್ಲಿ ಎಷ್ಟು ಸಲ ಮಳೆ ಬಂದಿದೆ ಅಂತ ಎಣಿಸಿ, ಅದನ್ನೇ ಅಂಕಕ್ಕೆ ಆಧಾರ ಮಾಡಿ.

ಅಂಕ ಹಾಕುವುದು

ಪ್ರತಿ ಮಾನದಂಡದಲ್ಲೂ ಇರುವ ದಾರಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದಕ್ಕೆ 100, ಎಲ್ಲಕ್ಕಿಂತ ಕೆಟ್ಟದ್ದಕ್ಕೆ 0. ಉಳಿದದ್ದು ನಡುವೆ. ಎಲ್ಲ ಕಡೆ ಜಾಸ್ತಿ ಅಂಕ ಅಂದರೆ ಒಳ್ಳೆಯದು ಅಂತಲೇ ಇರಲಿ. ಕೆಲಸ ಕಡಿಮೆ ಇದ್ದರೆ ಅಂಕ ಜಾಸ್ತಿ. ಆ ವರ್ಷದ ನಮ್ಮ ಕಾಗದ ಹೀಗಿತ್ತು:

ಹಸಿ ಮಾರುವುದು: ಕೆಲಸ 100, ಹಣ 0, ಮಳೆ 100, ಸಮಯ 100.
ಕೆಂಪು: ಕೆಲಸ 0, ಹಣ 100, ಮಳೆ 0, ಸಮಯ 60.
ಚಾಲಿ: ಕೆಲಸ 50, ಹಣ 60, ಮಳೆ 60, ಸಮಯ 0.

ಇವು ನಮ್ಮ ತೋಟದ, ಆ ವರ್ಷದ ಅಂಕ. ನಿಮ್ಮದು ಬೇರೆ ಬರುತ್ತದೆ. ದರ ತಿರುಗಿದರೆ ಹಣದ ಸಾಲು ಪೂರ್ತಿ ತಿರುಗುತ್ತದೆ, ಡ್ರೈಯರ್ ಇದ್ದ ಮನೆಯವರಿಗೆ ಮಳೆಯ ಸಾಲೇ ಬೇರೆ.

ತೂಕ ಕೊಡುವುದು, ನಿಧಾನ ಮಾಡಬೇಕಾದ ಜಾಗ

"ನಿಮಗೆ ಹಣ ಮುಖ್ಯವೋ ಕೆಲಸ ಮುಖ್ಯವೋ?" ಅಂತ ಕೇಳಬೇಡಿ. ಈ ಪ್ರಶ್ನೆಗೆ ಸರಿ ಉತ್ತರವೇ ಇಲ್ಲ. ಎಷ್ಟು ಹಣ, ಎಷ್ಟು ಕೆಲಸ ಅನ್ನುವುದು ಗೊತ್ತಾಗಬೇಕಲ್ಲ. ಒಳ್ಳೆಯ ದಾರಿಗೂ ಕೆಟ್ಟ ದಾರಿಗೂ ನಡುವೆ ಐದು ಸಾವಿರ ರೂಪಾಯಿ ಮಾತ್ರ ವ್ಯತ್ಯಾಸ ಇದ್ದರೆ, ಹಣದ ಮೇಲೆ ಎಷ್ಟೇ ಆಸೆ ಇರುವವರೂ ಅದಕ್ಕೆ ಸ್ವಲ್ಪವೇ ತೂಕ ಕೊಡಬೇಕು. ಒಂದು ಲಕ್ಷ ವ್ಯತ್ಯಾಸ ಇದ್ದರೆ ಮಾತು ಬೇರೆ. ತೂಕ ಇರುವುದು ಆ ಅಂತರಕ್ಕೆ.

ಅದಕ್ಕೆ ಹೀಗೆ ಕೇಳಿ. ಎಲ್ಲವೂ ಕೆಟ್ಟದಾಗಿರುವ ಒಂದು ವರ್ಷ ಊಹಿಸಿಕೊಳ್ಳಿ. ಕೆಲಸ ಎಲ್ಲಕ್ಕಿಂತ ಜಾಸ್ತಿ, ಹಣ ಎಲ್ಲಕ್ಕಿಂತ ಕಡಿಮೆ, ಮಳೆ ಭಯ ಪೂರ್ತಿ, ದುಡ್ಡು ಬರುವುದು ಎಲ್ಲಕ್ಕಿಂತ ತಡ. ಇದರಲ್ಲಿ ಒಂದನ್ನು ಮಾತ್ರ ಕೆಟ್ಟದ್ದರಿಂದ ಒಳ್ಳೆಯದಕ್ಕೆ ತರಬಹುದು ಅಂದರೆ ಯಾವುದನ್ನು ತರುತ್ತೀರಿ? ಅದಕ್ಕೆ 100. ಆಮೇಲೆ ಯಾವುದು? ಮೊದಲನೆಯದು 100 ಆದರೆ ಇದು ಎಷ್ಟು? ಹೀಗೆ ಕೆಳಗೆ ಬನ್ನಿ. ಕೊನೆಗೆ ಎಲ್ಲ ಕೂಡಿಸಿ, ಪ್ರತಿಯೊಂದನ್ನೂ ಆ ಮೊತ್ತದಿಂದ ಭಾಗಿಸಿ.

ಆಯಿಯನ್ನು ಬೇರೆ, ಅಪ್ಪಯ್ಯನನ್ನು ಬೇರೆ ಕೇಳಿದೆ. "ತಮಾ, ಇಷ್ಟೆಲ್ಲ ಎಂತಕ್ಕೆ" ಅಂತಲೇ ಆಯಿ ಶುರು ಮಾಡಿದಳು, ಆದರೆ ಉತ್ತರ ಸ್ಪಷ್ಟ ಇತ್ತು: ಕೆಲಸ 100, ಹಣ 70, ಮಳೆ 50, ಸಮಯ 30. ಮೊತ್ತ 250. ಅಂದರೆ ನೂರರಲ್ಲಿ 40, 28, 20, 12. ಅಪ್ಪಯ್ಯನದು ಹಣ 100, ಕೆಲಸ 40, ಮಳೆ 40, ಸಮಯ 20. ಮೊತ್ತ 200, ಅಂದರೆ 50, 20, 20, 10.

ಈಗ ಅಂಕವನ್ನು ತೂಕದಿಂದ ಗುಣಿಸಿ ಕೂಡಿಸಿ, ನೂರರಿಂದ ಭಾಗಿಸಿ. ಆಯಿಯ ತೂಕದಲ್ಲಿ ಹಸಿಗೆ 72, ಚಾಲಿಗೆ 49, ಕೆಂಪಿಗೆ 35. ಅಪ್ಪಯ್ಯನ ತೂಕದಲ್ಲಿ ಕೆಂಪಿಗೆ 56, ಚಾಲಿಗೆ 52, ಹಸಿಗೆ 50.

ಇದನ್ನು ನೋಡಿದಾಗ ನಾನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಯಾರ ಮೊದಲ ಆಯ್ಕೆ ಯಾವುದು ಅಂತ ನಮಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅಂತರ. ಅಪ್ಪಯ್ಯನ ಸ್ವಂತ ಲೆಕ್ಕದಲ್ಲೇ ಮೂರೂ ದಾರಿಗಳ ನಡುವೆ ಆರು ಅಂಕದ ವ್ಯತ್ಯಾಸ. ಆಯಿಯ ಲೆಕ್ಕದಲ್ಲಿ ಮೂವತ್ತೇಳು. ವರ್ಷ ವರ್ಷವೂ ಜೋರಾಗಿ ಮಾತಾಡುತ್ತಿದ್ದವರಿಗೆ ಹೋಗುತ್ತಿದ್ದದ್ದು ಸ್ವಲ್ಪ, ಅಡುಗೆಮನೆಯಿಂದ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದವಳಿಗೆ ಹೋಗುತ್ತಿದ್ದದ್ದು ಬಹಳ. ಒಬ್ಬರ ಅಂಕವನ್ನು ಇನ್ನೊಬ್ಬರ ಅಂಕದ ಜೊತೆ ನೇರ ಹೋಲಿಸಬಾರದು ಅಂತ ಪಂಡಿತರು ಹೇಳುತ್ತಾರೆ, ಅದು ಸರಿ. ಆದರೆ ಮನೆಯಲ್ಲಿ ಮಾತು ಶುರು ಮಾಡಲು ಇಷ್ಟು ಸಾಕಾಯಿತು.

ಕಾಗದ ನೋಡುತ್ತಾ ನಾಲ್ಕನೇ ದಾರಿ ಹೇಳಿದ್ದು ಅಣ್ಣ. ಅರ್ಧ ಹಸಿ ಮಾರಿ, ಅರ್ಧ ಕೆಂಪು ಮಾಡೋಣ. ಹೊರಗಿನ ಜನ ಬೇಡ, ಮನೆಯವರೇ ಸುಲಿಯಬಹುದು, ಹಾಗಾಗಿ ಕೆಲಸಕ್ಕೆ ಐವತ್ತಲ್ಲ, 60 ಅಂಕ ಹಾಕಿದೆವು. ಹಣ 50, ಮಳೆ 50, ಸಮಯ 85. ಅಪ್ಪಯ್ಯನ ತೂಕದಲ್ಲಿ 55.5, ಅಂದರೆ ಪೂರ್ತಿ ಕೆಂಪಿನಷ್ಟೇ. ಆಯಿಯ ತೂಕದಲ್ಲಿ 58, ಹಸಿಗಿಂತ ಕಡಿಮೆ, ಆದರೆ ಕೆಂಪಿಗಿಂತ ಎಷ್ಟೋ ಮೇಲೆ. ಆ ವರ್ಷ ಅದನ್ನೇ ಮಾಡಿದೆವು.

ಜೋಡಿ ಜೋಡಿಯಾಗಿ ಹೋಲಿಸುವ ದಾರಿ

ತೂಕ ತೆಗೆಯಲು ಇನ್ನೊಂದು ಹೆಸರಾದ ವಿಧಾನ ಇದೆ. 1970ರ ದಶಕದಲ್ಲಿ ಗಣಿತಜ್ಞ ಥಾಮಸ್ ಸಾಟಿ ಕಟ್ಟಿದ್ದು, ಅನಲಿಟಿಕ್ ಹೈರಾರ್ಕಿ ಪ್ರೊಸೆಸ್, ಚಿಕ್ಕದಾಗಿ ಎಎಚ್‌ಪಿ ಅನ್ನುತ್ತಾರೆ. ಎರಡೆರಡೇ ಮಾನದಂಡ ಎದುರಿಟ್ಟು, ಎರಡೂ ಸಮ ಅಂದರೆ 1, ಒಂದು ಸ್ವಲ್ಪ ಜಾಸ್ತಿ ಮುಖ್ಯ ಅಂದರೆ 3, ತುಂಬಾ ಅಂದರೆ 5, ಹೀಗೆ 9ರ ತನಕ ಅಂಕ. ಉದಾಹರಣೆಗೆ ಹಣ ಕೆಲಸಕ್ಕಿಂತ 3, ಕೆಲಸ ಮಳೆಗಿಂತ 2, ಹಣ ಮಳೆಗಿಂತ 5 ಅಂದರೆ ತೂಕ ಹಣಕ್ಕೆ ಸುಮಾರು 65, ಕೆಲಸಕ್ಕೆ 23, ಮಳೆಗೆ 12 ಬರುತ್ತದೆ. ಕೈಯಲ್ಲೇ ಮಾಡಬಹುದು. ಹಣದ ಸಾಲು 1, 3, 5; ಕೆಲಸದ ಸಾಲು 1/3, 1, 2; ಮಳೆಯ ಸಾಲು 1/5, 1/2, 1. ಪ್ರತಿ ಸಾಲಿನ ಸಂಖ್ಯೆಗಳನ್ನು ಗುಣಿಸಿ, ಮೂರು ಮಾನದಂಡ ಇದ್ದರೆ ಘನಮೂಲ ತೆಗೆದು, ಆಮೇಲೆ ಒಟ್ಟಿನಿಂದ ಭಾಗಿಸಿ.

ಇದರಲ್ಲಿ ನನಗೆ ಹಿಡಿಸುವುದು ಮಾತು ಮಾತಿಗೆ ಹೊಂದುತ್ತದೆಯೇ ಅಂತ ನೋಡುವ ಪರೀಕ್ಷೆ. ಹಣ ಕೆಲಸಕ್ಕಿಂತ 3, ಕೆಲಸ ಮಳೆಗಿಂತ 3 ಅಂದವರು ಹಣ ಮತ್ತು ಮಳೆ ಎರಡೂ ಸಮ ಅಂದರೆ ಎಲ್ಲೋ ತಪ್ಪಿದೆ. ಈ ಎಡವಟ್ಟಿಗೂ ಒಂದು ಅಳತೆ ಇದೆ, 0.10ರ ಒಳಗಿದ್ದರೆ ನಡೆಯುತ್ತದೆ ಅಂತ ಸಾಟಿ ಹೇಳಿದರು. ಮೊದಲ ಉದಾಹರಣೆಗೆ ಅದು 0.003, ಎರಡನೆಯದಕ್ಕೆ 0.48. ಹಾಗೆ ಬಂದರೆ ಸಂಖ್ಯೆ ತಿದ್ದಿ ಸರಿಮಾಡಬೇಡಿ. ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿ, ಹೆಚ್ಚಾಗಿ ಪ್ರಶ್ನೆಯೇ ಅರ್ಥವಾಗಿರುವುದಿಲ್ಲ. ಆದರೂ ಮನೆಗೆ ನನ್ನ ಆಯ್ಕೆ ಮೊದಲು ಹೇಳಿದ ದಾರಿಯೇ. ಎಎಚ್‌ಪಿಯಲ್ಲಿ "ಎಷ್ಟು ಹಣ" ಅನ್ನುವುದು ಸುಲಭವಾಗಿ ಮರೆತುಹೋಗುತ್ತದೆ, ಹೊಸ ದಾರಿ ಒಂದನ್ನು ಸೇರಿಸಿದರೆ ಹಳೆಯವುಗಳ ಕ್ರಮವೇ ಅದಲು ಬದಲಾಗಬಹುದು ಅಂತ 1983ರಲ್ಲೇ ತೋರಿಸಿದ್ದಾರೆ.

ತೂಕದ ಬಗ್ಗೆ ಒಮ್ಮತವೇ ಆಗದಿದ್ದರೆ ಎಲ್ಲಕ್ಕೂ ಸಮ ತೂಕ ಕೊಟ್ಟು ನೋಡಿ. ಸಮ ತೂಕದ ಸರಳ ಲೆಕ್ಕವೂ ಎಷ್ಟೋ ಕಡೆ ಚೆನ್ನಾಗೇ ನಡೆಯುತ್ತದೆ ಅಂತ ರಾಬಿನ್ ಡಾಸ್ ಅನ್ನುವ ಮನಶ್ಶಾಸ್ತ್ರಜ್ಞ 1979ರಲ್ಲಿ ತೋರಿಸಿದ್ದರು. ಸರಿಯಾದ ಮಾನದಂಡ ಹಿಡಿದಿದ್ದರೆ ಅರ್ಧ ಕೆಲಸ ಆದಂತೆ.

ಅಲುಗಾಡಿಸಿ ನೋಡಿ

ಮೊತ್ತ ಬಂದ ಕೂಡಲೇ ಎದ್ದು ಹೋಗಬೇಡಿ. ತೂಕವನ್ನು ಸ್ವಲ್ಪ ಆಚೆ ಈಚೆ ಮಾಡಿ. ಆಯಿಯ ಲೆಕ್ಕದಲ್ಲಿ ಕೆಲಸ ಮತ್ತು ಹಣದ ತೂಕ ಅದಲು ಬದಲು ಮಾಡಿದರೂ ಹಸಿಯೇ ಮುಂದೆ. ಅಂದರೆ ಆ ಉತ್ತರ ಗಟ್ಟಿ. ಅಪ್ಪಯ್ಯನ ಲೆಕ್ಕ ಹಾಗಲ್ಲ, ಚಾಲಿಯ ಹಣದ ಅಂಕ 60ರ ಬದಲು 70 ಆದರೆ ಚಾಲಿಯೇ ಮುಂದೆ ಬರುತ್ತದೆ. ಎರಡು ಮೂರು ಅಂಕದ ವ್ಯತ್ಯಾಸವನ್ನು ವ್ಯತ್ಯಾಸ ಅಂತಲೇ ತಿಳಿಯಬೇಡಿ. ಎಕ್ಸೆಲ್ ಹಾಳೆಯಲ್ಲಿ ಹಾಕಿಕೊಂಡರೆ ಇದು ಹತ್ತು ನಿಮಿಷದ ಕೆಲಸ.

ತೂಕ ಒಮ್ಮೆ ಬರೆದರೆ ಮುಗಿಯಿತು ಅಂತಲೂ ಅಲ್ಲ. 2024ರ ಆಗಸ್ಟ್‌ನಲ್ಲಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಸದಾಶಿವಗಡದ ಕಡೆ ಮನೆ ಮಾಡಿ ಕಾರವಾರಕ್ಕೆ ದಿನಾ ಓಡಾಡೋಣ ಅಂತಿದ್ದವರು, ಅದಕ್ಕೆ ಮುಂಚೆ "ರಸ್ತೆ" ಅನ್ನುವುದನ್ನು ಮಾನದಂಡದ ಪಟ್ಟಿಯಲ್ಲಿ ಬರೆದೇ ಇರಲಿಕ್ಕಿಲ್ಲ.

ಇನ್ನೊಂದು ಸಣ್ಣ ಕೆಲಸ, ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟದ್ದು. ತೀರ್ಮಾನ ಆದ ಮೇಲೆ, ಶುರು ಮಾಡುವ ಮೊದಲು, ಎಲ್ಲರಿಗೂ ಹೀಗೆ ಹೇಳಿ: "ಈಗ ಶಿವರಾತ್ರಿ. ನಾವು ಮಾಡಿದ್ದು ಪೂರ್ತಿ ಕೆಟ್ಟಿದೆ. ಯಾಕೆ ಕೆಟ್ಟಿತು, ಬರೆಯಿರಿ." ಕೆಡಬಹುದೇ ಅಂತ ಕೇಳಿದರೆ ಯಾರೂ ಅಪಶಕುನ ನುಡಿಯಲು ಇಷ್ಟಪಡುವುದಿಲ್ಲ, ಕೆಟ್ಟಾಗಿದೆ ಅಂದರೆ ಮಾತ್ರ ಬಾಯಿ ಬಿಡುತ್ತಾರೆ. ನಮ್ಮಲ್ಲಿ ಅತ್ತಿಗೆ ಬರೆದದ್ದು ಎರಡೇ ಮಾತು: "ಕಟ್ಟಿಗೆ ಹಸಿ." ಕೊಟ್ಟಿಗೆಯ ಸೂರು ಸೋರಿ ಒಟ್ಟಿದ ಕಟ್ಟಿಗೆ ನೆಂದಿದ್ದು ಅವರಿಗೆ ಮಾತ್ರ ಗೊತ್ತಿತ್ತು. ಬೇಯಿಸಲು ಒಲೆ ಹಚ್ಚುವ ಹದಿನೈದು ದಿನ ಮೊದಲೇ ಅದನ್ನು ಬಿಸಿಲಿಗೆ ಹಾಕಿದೆವು.

ಆ ಕಾಗದ ಅಡಿಕೆ ಮಾರಿದ ಚೀಟಿಗಳ ಜೊತೆ ಅದೇ ಫೈಲಿನಲ್ಲಿದೆ. ದಿನಾಂಕ, ಯಾರು ಎಷ್ಟು ಅಂದರು, ಎಲ್ಲ ಬರೆದಿದೆ. ಬೇಸಿಗೆಯಲ್ಲಿ ಅದನ್ನು ತೆಗೆದು ನಡೆದದ್ದರ ಜೊತೆ ಹೋಲಿಸಿದೆವು. ಹಣದ ಊಹೆ ಹತ್ತಿರ ಇತ್ತು, ಮಳೆ ಬರಲಿಲ್ಲ. ತಪ್ಪಿದ್ದು ಕೆಲಸದ ಅಂಕ. ಮನೆಯವರೇ ಸುಲಿದರೆ ಹಗುರ ಅಂದುಕೊಂಡಿದ್ದೆವು, ಆದರೆ ರಾತ್ರಿ ಹನ್ನೊಂದರ ತನಕ ಕೂತಿದ್ದು ಆಯಿ ಮತ್ತು ಅತ್ತಿಗೆ. ಅದು 60 ಅಲ್ಲ, 45 ಅಂತ ಇಬ್ಬರೂ ಬೇರೆ ಬೇರೆಯಾಗಿಯೇ ಹೇಳಿದರು. ತಿದ್ದಿ ಬರೆದ ಮೇಲೆ ಅರ್ಧ-ಅರ್ಧ ದಾರಿ ಆಯಿಯ ಲೆಕ್ಕದಲ್ಲಿ 58ರಿಂದ 52ಕ್ಕೆ, ಅಪ್ಪಯ್ಯನ ಲೆಕ್ಕದಲ್ಲಿ 55.5ರಿಂದ 52.5ಕ್ಕೆ ಇಳಿದಿದೆ. ಈ ಸಲ ದೀಪಾವಳಿಗೆ ಮಾತು ಶುರುವಾಗುವುದು ಆ ಸಂಖ್ಯೆಯಿಂದ.